ಹುಳುವಿನ ಜ್ವರವೂ ಪುಸ್ತಕದ ಇನ್‌ಸ್ಟಾರೂ

ಪ್ರಶ್ನೆ: ನಾನು ಬಿ.ಎಸ್ಸಿ. ಕೃಷಿ ಓದುತ್ತಿದ್ದೇನೆ. ಮನೆಯಲ್ಲಿ ರೇಷ್ಮೆ ಸಾಕುತ್ತೇವೆ. ಕೀಟಶಾಸ್ತ್ರದಲ್ಲಿ ಮೋಲ್ಟಿಂಗ್, ಇನ್‌ಸ್ಟಾರ್, ಲಾರ್ವಾ, ಪ್ಯೂಪಾ ಅಂತ ಪದಗಳ ಮೇಲೆ ಪದ. ಇವತ್ತು ಬಾಯಿಪಾಠ ಮಾಡಿದ್ದು ನಾಳೆಗೆ ಇರಲ್ಲ. ಏನು ಮಾಡಲಿ ಸರ್?
– ವಿದ್ಯಾರ್ಥಿನಿ, ಶಿಡ್ಲಘಟ್ಟ

ಉತ್ತರ: ಬಾಯಿಪಾಠ ಬಿಡಿ, ಹುಳುಮನೆಗೆ ಹೋಗಿ. "ಹುಳು ಎರಡನೇ ಜ್ವರಕ್ಕೆ ಕೂತಿದೆ, ಸೊಪ್ಪು ಹಾಕಬೇಡ" ಅಂತ ಮನೆಯಲ್ಲಿ ಹೇಳುತ್ತಾರಲ್ಲ, ಆ ಜ್ವರವೇ ನಿಮ್ಮ ಮೋಲ್ಟಿಂಗ್. ಕಾಯಿಲೆ ಏನಲ್ಲ, ಪೊರೆ ಬಿಡುವ ಹೊತ್ತು. ಕೀಟದ ಮೈಯೊಳಗೆ ಮೂಳೆ ಇಲ್ಲ, ಹೊರಗಿನ ಹೊದಿಕೆಯೇ ಅದಕ್ಕೆ ಆಧಾರ. ಅದನ್ನು ಕ್ಯೂಟಿಕಲ್ ಅನ್ನುತ್ತಾರೆ. ಒಂದು ಮಟ್ಟದವರೆಗೆ ಹಿಗ್ಗುತ್ತದೆ, ಆಮೇಲೆ ಆಗಲ್ಲ, ಹಳೆಯದನ್ನು ಕಳಚಲೇಬೇಕು.

ಜ್ವರಕ್ಕೆ ಕೂತ ಹುಳುವನ್ನು ಬಗ್ಗಿ ನೋಡಿ. ಮೇಯುವುದು ನಿಲ್ಲಿಸಿ, ಹಿಂದಿನ ಕಾಲುಗಳಿಂದ ಭದ್ರವಾಗಿ ಹಿಡಿದುಕೊಂಡು, ತಲೆ ಮೇಲೆತ್ತಿ ಸುಮಾರು ಒಂದು ದಿನ ಸುಮ್ನೆ ಕೂತಿರುತ್ತದೆ. ಮೈ ಬಿಗಿದು ಹೊಳೆಯುತ್ತದೆ. ತಲೆಯ ಹಿಂದೆ ಕಂದು ಬಣ್ಣದ ಸಣ್ಣ ತ್ರಿಕೋನ ಕಾಣುತ್ತದೆ, ಅದು ಒಳಗೆ ತಯಾರಾಗುತ್ತಿರುವ ಹೊಸ ತಲೆ. ಕೊನೆಗೆ ಹಳೇ ತಲೆಯ ಚಿಪ್ಪು ಮುಖವಾಡದ ಹಾಗೆ ಕಳಚಿ ಬೀಳುತ್ತದೆ, ಹಳೇ ಚರ್ಮ ಹಿಂದಕ್ಕೆ ಸುರುಟಿಕೊಂಡು ಸೊಪ್ಪಿನ ಹಾಸಿಗೆಯಲ್ಲೇ ಉಳಿಯುತ್ತದೆ.

ಎರಡು ಜ್ವರಗಳ ನಡುವಿನ ಹಂತವೇ ಇನ್‌ಸ್ಟಾರ್. ರೇಷ್ಮೆ ಹುಳುವಿಗೆ ಜ್ವರ ನಾಲ್ಕು, ಇನ್‌ಸ್ಟಾರ್ ಐದು. ಪರೀಕ್ಷೆಯಲ್ಲಿ ಇದನ್ನು ಅದಲುಬದಲು ಮಾಡುವವರೇ ಜಾಸ್ತಿ. ಮೊಟ್ಟೆ ಒಡೆದಲ್ಲಿಂದ ಮೊದಲ ಜ್ವರದವರೆಗೆ ಒಂದನೆಯದು, ನಾಲ್ಕನೇ ಜ್ವರ ಎದ್ದ ಮೇಲೆ ಐದನೆಯದು. ಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಈ ಐದನೇ ಹಂತದಲ್ಲೇ ಖಾಲಿ, ಆ ವಾರ ಮನೆಯಲ್ಲಿ ಯಾರಿಗೂ ನಿದ್ದೆ ಇರಲ್ಲ ಅನ್ನುವುದು ನಿಮಗೆ ನಾನು ಹೇಳಬೇಕಾಗಿಲ್ಲ. ಅಂದಹಾಗೆ ಒಂದು ಇನ್‌ಸ್ಟಾರ್ ಒಳಗೆ ಮೈ ಉಬ್ಬಿದರೂ ತಲೆಯ ಚಿಪ್ಪು ದೊಡ್ಡದಾಗಲ್ಲ. ಜ್ವರ ಎದ್ದಾಗ ಮಾತ್ರ, ಅದೂ ಪ್ರತಿ ಸಲ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತದೆ ಅಂತ 1890ರಲ್ಲಿ ಅಮೆರಿಕದ ಹ್ಯಾರಿಸನ್ ಡೈಯರ್ ತೋರಿಸಿದರು. ಡೈಯರ್ ನಿಯಮ ಅಂದರೆ ಇಷ್ಟೇ.

ಪೊರೆ ಬಿಡಿಸುವ ಹಾರ್ಮೋನ್ ಎಕ್ಡೈಸೋನ್. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ 500 ಕಿಲೋ ರೇಷ್ಮೆ ಪ್ಯೂಪಾ ಅರೆದು ತೆಗೆದದ್ದು ಬರೀ 25 ಮಿಲಿಗ್ರಾಂ! ಹುಳು ಒಟ್ಟಿಗೆ ಹಣ್ಣಾಗಲಿ, ಅಂದರೆ ಗೂಡು ಕಟ್ಟಲು ಸಿದ್ಧವಾಗಲಿ ಅಂತ ಕೆಲವರು ಸೊಪ್ಪಿಗೆ ಸಿಂಪಡಿಸುವ ದ್ರಾವಣದಲ್ಲೂ ಇದೇ ಬಗೆಯ, ಗಿಡದಿಂದ ತೆಗೆದ ವಸ್ತು ಇರುತ್ತದೆ.

ಇನ್ನು ಲಾರ್ವಾ ಅಂದರೆ ಮೇಯುವ ಹುಳು. ಚಂದ್ರಿಕೆಗೆ (ಗೂಡು ಕಟ್ಟಲು ಹುಳು ಬಿಡುವ ತಟ್ಟೆ) ಬಿಟ್ಟ ಮೇಲೆ ಕಟ್ಟುವ ಗೂಡು ಕಕೂನ್. ಗೂಡೊಳಗೆ ಯಾರ ಕಣ್ಣಿಗೂ ಬೀಳದೆ ಇನ್ನೊಮ್ಮೆ ಪೊರೆ ಬಿಟ್ಟು ಆಗುವುದು ಪ್ಯೂಪಾ. ಕಕೂನನ್ನೇ ಪ್ಯೂಪಾ ಅನ್ನಬೇಡಿ, ಮನೆಯನ್ನೂ ಮನೆಯಲ್ಲಿರುವವರನ್ನೂ ಒಂದು ಮಾಡಿದ ಹಾಗಾಗುತ್ತದೆ.

ಪ್ರಶ್ನೆ: ಕೀಟಕ್ಕೆ ಆರು ಕಾಲು ಅಂತ ಮಗಳ ಪುಸ್ತಕದಲ್ಲಿದೆ. ರೇಷ್ಮೆ ಹುಳುವಿಗೆ ನಾನೇ ಎಣಿಸಿದೆ, ಹದಿನಾರು! ಯಾವುದು ಸರಿ?
– ಓದುಗರು, ಕನಕಪುರ

ಉತ್ತರ: ಎರಡೂ ಸರಿ. ಕೀಟದ ಮೈ ತಲೆ, ಎದೆ, ಹೊಟ್ಟೆ ಅಂತ ಮೂರು ಭಾಗ. ನಿಜವಾದ ಕಾಲು ಎದೆಗೆ ಮಾತ್ರ. ಹುಳುವಿನ ತಲೆಯ ಹಿಂದೆಯೇ ಇರುವ ಮೂರು ಜೊತೆ ಚೂಪು ಕಾಲುಗಳನ್ನು ನೋಡಿ, ಅವಕ್ಕೆ ಗೆಣ್ಣು ಇದೆ, ತುದಿಯಲ್ಲಿ ಉಗುರು ಇದೆ. ಹಿಂದಿನ ಐದು ಜೊತೆ ಮೆತ್ತಗಿನ ಮಾಂಸದ ಗುಪ್ಪೆಗಳು, ಗೆಣ್ಣಿಲ್ಲ, ಅಂಗಾಲಲ್ಲಿ ಸಣ್ಣ ಕೊಕ್ಕೆಗಳ ಸಾಲು. ಇವು ಪ್ರೋಲೆಗ್, ಅಂದರೆ ಹುಸಿಗಾಲು. ಹುಳುವನ್ನು ಎಲೆಯಿಂದ ಎತ್ತಿದಾಗ ಬಿಡದೆ ಕಚ್ಚಿ ಹಿಡಿಯುವುದು ಇವೇ. ಪತಂಗ ಆಗುವಾಗ ಇವು ಇಲ್ಲವಾಗಿ ಆರೇ ಉಳಿಯುತ್ತವೆ. ಜೇಡಕ್ಕೆ ಎಂಟು ಕಾಲು, ಮೀಸೆ ಇಲ್ಲ. ಅದು ಕೀಟ ಅಲ್ಲ.

ಪ್ರಶ್ನೆ: ಸಣ್ಣ ನೊಣಗಳು ದೊಡ್ಡ ನೊಣದ ಮರಿಗಳಾ?
– ಓದುಗರು, ಹುಬ್ಬಳ್ಳಿ

ಉತ್ತರ: ಅಲ್ಲ. ರೆಕ್ಕೆ ಬಂದು ಹಾರಿದ ಮೇಲೆ ನೊಣ ಬೆಳೆಯುವುದಿಲ್ಲ, ಸಣ್ಣವು ಸಾಮಾನ್ಯವಾಗಿ ಬೇರೆಯೇ ಜಾತಿ. ನೊಣದ ಮರಿ ಅಂದರೆ ಕಸದಲ್ಲಿ ಮಿಲಮಿಲ ಅನ್ನುವ ಬಿಳಿ ಹುಳು. ಹೀಗೆ ಹುಳು, ಪ್ಯೂಪಾ, ಆಮೇಲೆ ರೆಕ್ಕೆ ಅಂತ ಪೂರಾ ವೇಷ ಬದಲಿಸಿದರೆ ಸಂಪೂರ್ಣ ರೂಪಾಂತರ. ಜಿರಳೆ, ಮಿಡತೆ, ತಿಗಣೆ ಮರಿಗಳು ಮೊದಲಿಂದಲೇ ದೊಡ್ಡವರ ಥರ ಇರುತ್ತವೆ, ರೆಕ್ಕೆ ಮಾತ್ರ ಇರಲ್ಲ. ಈ ಮರಿಗೆ ನಿಂಫ್ ಅನ್ನುತ್ತಾರೆ, ಪ್ಯೂಪಾ ಹಂತವೇ ಇಲ್ಲ. ತಿಗಣೆಗಂತೂ ದೊಡ್ಡದಾದರೂ ಹಾರುವ ರೆಕ್ಕೆ ಬರಲ್ಲ, ಸದ್ಯ! ಅಡುಗೆಮನೆಯಲ್ಲಿ ಬಿಳಿ ಜಿರಳೆ ಕಂಡರೆ ಗಾಬರಿ ಬೇಡ, ಆಗಷ್ಟೇ ಪೊರೆ ಬಿಟ್ಟಿದೆ, ಕೆಲವು ಗಂಟೆಗಳಲ್ಲಿ ಬಣ್ಣ ಬರುತ್ತದೆ.

ಪ್ರಶ್ನೆ: ಊಜಿ ನೊಣ ಪರಾವಲಂಬಿ ತಾನೆ? ಪುಸ್ತಕದಲ್ಲಿ ಪ್ಯಾರಾಸಿಟಾಯ್ಡ್ ಅಂತಿದೆ.
– ರೇಷ್ಮೆ ಬೆಳೆಗಾರರು, ಚನ್ನಪಟ್ಟಣ

ಉತ್ತರ: ಪುಸ್ತಕ ಹೇಳಿದ್ದೇ ಸರಿ. ಹೇನು ಪರಾವಲಂಬಿ, ರಕ್ತ ಹೀರಿದರೂ ನಮ್ಮನ್ನು ಕೊಲ್ಲುವುದಿಲ್ಲ. ಊಜಿ ಹಾಗಲ್ಲ. ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೆ ಕೊರೆದುಕೊಂಡು ಹೋಗುತ್ತದೆ, ಹೋದ ಜಾಗದಲ್ಲಿ ಕಪ್ಪು ಮಚ್ಚೆ. ಅಲ್ಲೇ ತಿಂದು ಬೆಳೆದು ಹುಳುವನ್ನು ಮುಗಿಸಿಯೇ ಹೊರಗೆ ಬರುವುದು. ಹೀಗೆ ಆಶ್ರಯ ಕೊಟ್ಟ ಜೀವಿಯನ್ನೇ ಕೊಲ್ಲುವುದು ಪ್ಯಾರಾಸಿಟಾಯ್ಡ್. ಬೇಟೆಗಾರ ಕೀಟ ಮತ್ತೂ ಬೇರೆ: ನಿಮ್ಮ ತೋಟದ ತುಕ್ರಾಕ್ಕೆ (ಹಿಪ್ಪುನೇರಳೆ ಎಲೆ ಮುದುಡುವ ತೊಂದರೆ) ಕಾರಣವಾದ ಹಿಟ್ಟು ತಿಗಣೆಗಳನ್ನು ಗುಲಗಂಜಿ ಹುಳು ಒಂದಾದ ಮೇಲೊಂದು ತಿನ್ನುತ್ತದಲ್ಲ, ಅದು.

ಊಜಿ 1980ರಲ್ಲಿ ಪಶ್ಚಿಮ ಬಂಗಾಳದಿಂದ ಆಕಸ್ಮಿಕವಾಗಿ ಕರ್ನಾಟಕಕ್ಕೆ ಬಂತು. ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಹಾಕಿದರೆ ಸಾಲದು. ಹುಳುವಿನಿಂದ, ಗೂಡಿನಿಂದ ಹೊರಬಿದ್ದ ಮರಿಗಳು ನೆಲದ ಬಿರುಕಿಗೆ ಸೇರಿ ಅಲ್ಲೇ ಪ್ಯೂಪಾ ಆಗುತ್ತವೆ. ಬಿರುಕು ಮುಚ್ಚಿಸಿ, ಸಿಕ್ಕ ಮರಿ, ಪ್ಯೂಪಾಗಳನ್ನು ಸೋಪಿನ ನೀರಿಗೆ ಹಾಕಿ. ಸುಮ್ನೆ ಹೊರಗೆ ಗುಡಿಸಿ ಎಸೆದರೆ ಮುಂದಿನ ಬೆಳೆಗೆ ಮತ್ತೆ ಹಾಜರ್.