ಹಳೆಯ ಯುದ್ಧವಿಮಾನಗಳು ಲಾಗ ಹಾಕುವುದಿಲ್ಲವೇಕೆ?

ಪ್ರಶ್ನೆ: ಯಲಹಂಕದ ಏರೋ ಇಂಡಿಯಾದಲ್ಲಿ ಸೂರ್ಯಕಿರಣ ತಂಡದ ವಿಮಾನಗಳು ಲಾಗ ಹಾಕುತ್ತವೆ, ತಲೆಕೆಳಗಾಗಿ ಹಾರುತ್ತವೆ. ಆದರೆ 2021ರ ಗಣರಾಜ್ಯೋತ್ಸವದಲ್ಲಿ ವಾಯುಪಡೆಯ ಹಳೆಯ ಡಕೋಟಾ ನೇರವಾಗಿ ಹಾದುಹೋಯಿತಷ್ಟೆ. ವಯಸ್ಸಾದ ವಿಮಾನಗಳಿಗೆ ಸಾಹಸದ ಹಾರಾಟಕ್ಕೆ ಶಕ್ತಿ ಸಾಲದೇ?
– ಓದುಗರೊಬ್ಬರು, ತುಮಕೂರು

ಉತ್ತರ: ಡಕೋಟಾ ಹೊಸದಾಗಿದ್ದಾಗಲೂ ಲಾಗ ಹಾಕಲೆಂದು ತಯಾರಾದ ವಿಮಾನವಲ್ಲ. ಅದು ಸೈನಿಕರನ್ನೂ ಸಾಮಾನನ್ನೂ ಹೊರುವ ಸಾಗಣೆ ವಿಮಾನ. ನೀವು ನೋಡಿದ, ‘ಪರಶುರಾಮ’ ಎಂಬ ಹೆಸರಿನ ಆ ಡಕೋಟಾದ ಮೇಲಿರುವ ವಿಪಿ 905 ಎಂಬ ಸಂಖ್ಯೆಯೂ 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ ಡಕೋಟಾದ ನೆನಪಿಗೆ ಇಟ್ಟದ್ದು.

ಯುದ್ಧಕ್ಕೆಂದೇ ಕಟ್ಟಿದ ಹಳೆಯ ವಿಮಾನಗಳ ಕಥೆ ಬೇರೆ. ಬ್ರಿಟನ್ನಿನ ಪ್ರದರ್ಶನಗಳಲ್ಲಿ ಎರಡನೇ ಮಹಾಯುದ್ಧದ ಕಾಲದ ಸ್ಪಿಟ್‌ಫೈರ್‌ಗಳು ಇಂದಿಗೂ ಲಾಗ ಹಾಕುತ್ತವೆ, ಉರುಳುತ್ತವೆ. ಆದರೆ ಅವುಗಳ ಎಂಜಿನ್ನಿಗೆ ಒಂದು ಹಳೆಯ ದೌರ್ಬಲ್ಯವಿತ್ತು. ಅವುಗಳಲ್ಲಿದ್ದ ಆರಂಭದ ಮರ್ಲಿನ್ ಎಂಜಿನ್ನುಗಳ ಕಾರ್ಬ್ಯುರೇಟರಿನಲ್ಲಿ, ಅಂದರೆ ಇಂಧನಕ್ಕೆ ಗಾಳಿ ಬೆರೆಸುವ ಭಾಗದಲ್ಲಿ, ಇಂಧನದ ಮಟ್ಟವನ್ನು ಕಾಯುತ್ತಿದ್ದದ್ದು ಒಂದು ತೇಲುಬುರುಡೆ. ಪೈಲಟ್ ಮೂತಿಯನ್ನು ಥಟ್ಟನೆ ಕೆಳಕ್ಕೆ ತಗ್ಗಿಸಿದರೆ ಇಂಧನ ಮೇಲಕ್ಕೆ ಎಗರಿ, ಮೊದಲು ಎಂಜಿನ್ ಒಣಗಿದಂತಾಗಿ, ಮರುಕ್ಷಣವೇ ಅತಿಯಾಗಿ ತುಂಬಿ ಉಸಿರುಗಟ್ಟುತ್ತಿತ್ತು. ಇಂಧನವನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುತ್ತಿದ್ದ ಜರ್ಮನರ ಮೆಸರ್‌ಸ್ಮಿಟ್ 109ಕ್ಕೆ ಈ ಕಾಟವಿರಲಿಲ್ಲ. 1941ರಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದ ಎಂಜಿನಿಯರ್ ಬೀಟ್ರಿಸ್ ಶಿಲ್ಲಿಂಗ್, ಎಂಜಿನ್ನಿಗೆ ಬೇಕಾದಷ್ಟೇ ಇಂಧನವನ್ನು ಬಿಡುವ, ನಡುವೆ ತೂತಿರುವ ಪುಟ್ಟ ಲೋಹದ ಬಿಲ್ಲೆಯೊಂದನ್ನು ಇಂಧನದ ದಾರಿಯಲ್ಲಿ ಕೂರಿಸಿ ಈ ತೊಂದರೆಯನ್ನು ಬಹುಮಟ್ಟಿಗೆ ತಗ್ಗಿಸಿದರು. ಇಷ್ಟು ಸರಳವಾದ ಪರಿಹಾರ ವಿಮಾನಗಳ ಇತಿಹಾಸದಲ್ಲಿ ಅಪರೂಪವೆಂದೇ ನನಗೆ ತೋರುತ್ತದೆ.

ಹಾಗಾದರೆ ಲಾಗದ ನೆತ್ತಿಯಲ್ಲಿ, ವಿಮಾನ ತಲೆಕೆಳಗಾಗಿರುವಾಗ, ಎಂಜಿನ್ ಏಕೆ ನಿಲ್ಲುವುದಿಲ್ಲ ಎಂದು ನೀವು ಕೇಳಬಹುದು. ನೀರು ತುಂಬಿದ ಚೆಂಬನ್ನು ರಭಸವಾಗಿ ಸುತ್ತ ಬೀಸಿದರೆ ನೀರು ಚೆಲ್ಲದಂತೆ, ಸರಿಯಾದ ವೇಗದಲ್ಲಿ ಹಾಕಿದ ಲಾಗದಲ್ಲಿ ಇಂಧನವೂ ಪೈಲಟ್ಟನೂ ತಮ್ಮ ತಮ್ಮ ಜಾಗಕ್ಕೇ ಒತ್ತಿಕೊಂಡಿರುತ್ತಾರೆ. ತಲೆಕೆಳಗಾಗಿಯೇ ನೇರ ಹಾರುತ್ತ ಹೋಗುವುದು ಮಾತ್ರ ಬೇರೆ ವಿಷಯ: ಮೇಲಿನ ರೆಕ್ಕೆಯ ಟ್ಯಾಂಕಿನಿಂದ ತನ್ನ ಭಾರದಿಂದಲೇ ಇಂಧನ ಇಳಿದುಬರುವ, ಜೋಡಿ ರೆಕ್ಕೆಯ ಹಳೆಯ ತರಬೇತಿ ವಿಮಾನ ಟೈಗರ್ ಮಾತ್ ಹಾಗೆ ಹೆಚ್ಚು ಹೊತ್ತು ಹಾರಲಾರದು.

ಇನ್ನು ವಯಸ್ಸಿನ ಮಾತು. ಲಾಗದ ತಳದಲ್ಲಿ 4 ಜಿ, ಅಂದರೆ ಭೂಮಿಯ ಸೆಳೆತದ ನಾಲ್ಕು ಪಟ್ಟು ಬಲ ಬಿದ್ದರೆ 70 ಕಿಲೋ ತೂಗುವ ಪೈಲಟ್ಟಿಗೆ ತನ್ನ ಮೈ 280 ಕಿಲೋ ಆದಂತೆ ಅನಿಸುತ್ತದೆ. ರೆಕ್ಕೆಯನ್ನು ಒಡಲಿಗೆ ಬಿಗಿದಿರುವ ತೊಲೆ, ಬೋಲ್ಟುಗಳ ಮೇಲಿನ ಹೊರೆಯೂ ಅದೇ ಲೆಕ್ಕದಲ್ಲಿ ಏರುತ್ತದೆ. ಲೋಹ ಆ ಕ್ಷಣಕ್ಕೆ ತಡೆದುಕೊಂಡರೂ ಅಂಥ ಪ್ರತಿಯೊಂದು ಎಳೆತವೂ ಅದರ ಆಯುಷ್ಯದಿಂದ ಒಂದಿಷ್ಟನ್ನು ಕಳೆಯುತ್ತದೆ. ಬಿಡಿಭಾಗಗಳ ಕಾರ್ಖಾನೆ ಎಂದೋ ಮುಚ್ಚಿಹೋದ ವಿಮಾನದ ಮಾಲೀಕರು ಶಕ್ತಿಯಿದ್ದರೂ ಮೆಲ್ಲಗೆ ಹಾರಿಸುವುದು ಈ ಕಾರಣಕ್ಕೆ, ಮತ್ತು ಅದು ಜಾಣತನವೇ ಸರಿ.

ಆದರೂ ದುರಂತಕ್ಕೆ ಹಳೆಯ ಲೋಹವೇ ಕಾರಣವಾಗಬೇಕೆಂದೇನಿಲ್ಲ. 2015ರ ಆಗಸ್ಟ್ 22ರಂದು ಇಂಗ್ಲೆಂಡಿನ ಶೋರ್‌ಹ್ಯಾಮ್‌ನಲ್ಲಿ ಹಾಕರ್ ಹಂಟರ್ ಜೆಟ್ ಲಾಗವನ್ನು ಮುಗಿಸಲಾಗದೆ ಹೆದ್ದಾರಿಗೆ ಅಪ್ಪಳಿಸಿ 11 ಮಂದಿ ಸತ್ತರು. ನಮ್ಮ ವಾಯುಪಡೆಯೂ ಒಂದು ಕಾಲದಲ್ಲಿ ಹಾರಿಸಿದ ಮಾದರಿಯದು. ಲಾಗವನ್ನು ಆರಂಭಿಸಿದಾಗ ವೇಗ ಸಾಲದಿದ್ದದ್ದು, ನೆತ್ತಿ ಮುಟ್ಟಿದಾಗ ಸುರಕ್ಷಿತವಾಗಿ ಇಳಿದು ಮುಗಿಸಲು ಬೇಕಾದ ಎತ್ತರವಿಲ್ಲದಿದ್ದದ್ದು ತನಿಖೆಯಿಂದ ತಿಳಿದುಬಂತು. ಆ ಬಳಿಕ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ, ಸಮುದ್ರದ ಮೇಲಲ್ಲದೆ ನೆಲದ ಮೇಲೆ ಹಾರುವ ಪ್ರದರ್ಶನಗಳಲ್ಲಿ ಹಳೆಯ ಯುದ್ಧ ಜೆಟ್‌ಗಳು ಲಾಗ ಹಾಕದೆ ಹಾದುಹೋಗಬೇಕಷ್ಟೇ ಎಂದು ನಿರ್ಬಂಧ ಹೇರಿತು.