ಪಾಂಡಿಚೇರಿಯನ್ನು ಕೆಡವಿದ್ದು ಯಾರು?

1760ರಲ್ಲಿ ಇಂಗ್ಲಿಷರು ಫ್ರೆಂಚರನ್ನು ಸೋಲಿಸಿದ ವಾಂಡಿವಾಷ್ ಕದನದ ಬಗ್ಗೆ ಕಳೆದ ಸಂಚಿಕೆಯ ಲೇಖನ ಓದಿ ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: ‘1761ರಲ್ಲಿ ಪಾಂಡಿಚೇರಿ ಬಿದ್ದದ್ದು ಹೈದರಾಲಿ ನಡುನೀರಿನಲ್ಲಿ ಕೈಬಿಟ್ಟಿದ್ದರಿಂದ. ನೀವು ಅವನ ಹೆಸರನ್ನೇ ಎತ್ತಿಲ್ಲ, ಯಾಕೆ?’

ಹೆಸರು ಬಿಟ್ಟದ್ದು ನಮ್ಮದೇ ತಪ್ಪು, ಒಪ್ಪಿಕೊಂಡೆ. ‘ಕೈಬಿಟ್ಟ’ ಎಂಬ ಮಾತನ್ನು ಮಾತ್ರ ಒಪ್ಪಲಾರೆ. 1760ರ ಬೇಸಿಗೆಯಲ್ಲಿ ಫ್ರೆಂಚರ ನೆಲೆಯಾದ ಪಾಂಡಿಚೇರಿಯನ್ನು ಕಾಯುತ್ತಿದ್ದ ಸೇನಾಪತಿ ಲಾಲಿಯ ಜತೆ ನೆರವಿನ ಕರಾರಾಗಿ, ಹೈದರನ ನೆಂಟ ಮಖ್ದೂಮ್ ಅಲಿ ದಂಡು ಸಮೇತ ಘಟ್ಟ ಇಳಿದ. ಜುಲೈನಲ್ಲಿ ತಿರುವಡಿಯ ಬಳಿ ಇಂಗ್ಲಿಷ್ ತುಕಡಿಯೊಂದನ್ನು ಸೋಲಿಸಿಯೂ ಬಿಟ್ಟ. ಅಷ್ಟರಲ್ಲಿ ಶ್ರೀರಂಗಪಟ್ಟಣದಲ್ಲಿ ಹೈದರನ ದಿವಾನನಾಗಿದ್ದ ಖಂಡೇರಾಯನೇ ಅವನ ಮೇಲೆ ತಿರುಗಿಬಿದ್ದ. ಹೈದರ್ ರಾತ್ರೋರಾತ್ರಿ ಬೆಂಗಳೂರಿಗೆ ಓಡಿಬಂದು ದಂಡನ್ನು ವಾಪಸ್ ಕರೆಸಿಕೊಂಡ. ತನ್ನ ಮನೆಗೇ ಬೆಂಕಿ ಬಿದ್ದಾಗ ಪಕ್ಕದ ಮನೆಗೆ ನೀರು ಹೊರುವವರು ಯಾರು?

ಪಾಂಡಿಚೇರಿಯನ್ನು ಕೆಡವಿದ್ದು ಹಸಿವು. ಇಂಗ್ಲಿಷ್ ಸೇನಾಪತಿ ಐರ್ ಕೂಟ್ ಊರ ಸುತ್ತಲಿನ ಮುಳ್ಳುಬೇಲಿಯ ಗಡಿಯನ್ನು ಹಿಡಿದು ಕೂತ. ಸಮುದ್ರದ ಕಡೆ ಹಡಗುಗಳ ಕಾವಲು. ನವೆಂಬರಿನಲ್ಲಿ ಲಾಲಿ ಉಣ್ಣುವ ಬಾಯಿ ಕಡಿಮೆ ಮಾಡಲು ಸುಮಾರು 1,400 ಸ್ಥಳೀಯರನ್ನು ಕೋಟೆಯಿಂದ ಹೊರಗಟ್ಟಿದ. ಇಂಗ್ಲಿಷರೂ ದಾರಿ ಬಿಡಲಿಲ್ಲ. ಹೆಂಗಸರು, ಮಕ್ಕಳೆನ್ನದೆ ಅವರೆಲ್ಲ ಎರಡು ಸೇನೆಗಳ ನಡುವಿನ ಬಯಲಲ್ಲಿ ಒಂದು ವಾರ ಹುಲ್ಲಿನ ಬೇರು ಕಿತ್ತು ತಿಂದರು. ಆಮೇಲಷ್ಟೇ ಕೂಟ್ ದಾರಿ ಬಿಟ್ಟದ್ದು. ಕೋಟೆಯೊಳಗೆ ಆನೆ, ಒಂಟೆ, ನಾಯಿಗಳ ಮಾಂಸಕ್ಕೂ ಪಾಳಿ ಹಚ್ಚುವ ಹೊತ್ತು ಬಂತು.

ಫ್ರೆಂಚರಿಗೆ ಒಂದೇ ಒಂದು ಅವಕಾಶ ಸಿಕ್ಕಿತು. 1761ರ ಜನವರಿ 1ರ ಚಂಡಮಾರುತಕ್ಕೆ ಇಂಗ್ಲಿಷ್ ಹಡಗುಗಳು ಚೆಲ್ಲಾಪಿಲ್ಲಿಯಾದವು, ಸಾವಿರಕ್ಕೂ ಹೆಚ್ಚು ನಾವಿಕರು ಸತ್ತರು. ಬೇಗ ಅಕ್ಕಿಯ ದೋಣಿ ಕಳಿಸಿ ಎಂದು ಲಾಲಿ ಉತ್ತರದ ಕರಾವಳಿಯಲ್ಲಿದ್ದ ಡಚ್ಚರ ನೆಲೆ ಪುಲಿಕಾಟಿಗೆ ಪತ್ರ ಬರೆದ. ಆದರೆ ಫ್ರೆಂಚ್ ನೌಕಾಪಡೆ 1759ರಲ್ಲೇ ಮಾರಿಷಸ್ ದಾರಿ ಹಿಡಿದಿತ್ತು. ತೆರೆದ ಸಮುದ್ರವಿತ್ತು, ಹಡಗಿರಲಿಲ್ಲ. ಕೆಲವೇ ದಿನಗಳಲ್ಲಿ ಇಂಗ್ಲಿಷ್ ಕಾವಲು ಮತ್ತೆ ಬಂತು. ಜನವರಿ ಮಧ್ಯಕ್ಕೆ ಕೋಟೆ ಶರಣಾಯಿತು. ಮಖ್ದೂಮನ ದಂಡು ಉಳಿದಿದ್ದರೆ ಇನ್ನೂ ಕೆಲವು ವಾರ ಎಳೆಯುತ್ತಿತ್ತೇನೋ, ಅಷ್ಟೇ.

ಗೆದ್ದವರು ಕೋಟೆ, ಕಟ್ಟಡಗಳನ್ನು ನೆಲಸಮ ಮಾಡಿದರು. ತಮ್ಮ ಸೇಂಟ್ ಡೇವಿಡ್ ಕೋಟೆಯನ್ನು 1758ರಲ್ಲಿ ಲಾಲಿ ಕೆಡವಿದ್ದ ಸಿಟ್ಟು ಇತ್ತು. ಲಾಲಿಯ ತಲೆ 1766ರಲ್ಲಿ ಪ್ಯಾರಿಸ್ಸಿನಲ್ಲಿ ಉರುಳಿತು, ದೇಶದ್ರೋಹದ ಆರೋಪದ ಮೇಲೆ. ನೆಲೆ ತಪ್ಪಿದ ಫ್ರೆಂಚ್ ಸಿಪಾಯಿಗಳು ಕೆಲವರು ಘಟ್ಟ ಹತ್ತಿ ಬಂದು, ನೀವು ದೂರುತ್ತಿರುವ ಅದೇ ಹೈದರನ ಸಂಬಳಕ್ಕೆ ಸೇರಿಕೊಂಡರು.