ಎಂಟು ತುಂಬುವ ಮೊದಲೇ ಪ್ರೌಢಾವಸ್ಥೆಯ ಲಕ್ಷಣ

ಪ್ರಶ್ನೆ: ನನ್ನ ಮಗಳಿಗೆ ಈಗ 7 ವರ್ಷ 4 ತಿಂಗಳು. ಅವಳ ಎಡ ಎದೆಯ ತೊಟ್ಟಿನ ಕೆಳಗೆ ಸಣ್ಣ ಗಂಟೊಂದು ಕೈಗೆ ಸಿಗುತ್ತಿದೆ, ಮುಟ್ಟಿದರೆ ನೋವು ಎನ್ನುತ್ತಾಳೆ. ಈ ವರ್ಷ ಎತ್ತರವೂ ಬೇಗಬೇಗ ಹೆಚ್ಚಿದೆ. ಇದು ಗಡ್ಡೆ ಇರಬಹುದೇ? ಇಷ್ಟು ಬೇಗ ಮುಟ್ಟಾಗಿಬಿಡುತ್ತಾಳೆಯೇ? (ಹೆಸರು ಬೇಡ)

ಉತ್ತರ: ಇಂತಹ ಗಂಟು ಬಹುತೇಕ ಸ್ತನದ ಬೆಳವಣಿಗೆಯ ಆರಂಭವೇ ಆಗಿರುತ್ತದೆ, ಮೊದಲು ಒಂದು ಬದಿಯಲ್ಲಿ ಮಾತ್ರ ಕಾಣಿಸಿಕೊಂಡು, ಕೆಲವು ತಿಂಗಳ ನಂತರ ಇನ್ನೊಂದು ಬದಿಯಲ್ಲಿ ಮೂಡುವುದೂ ಸಹಜ. ಗಡ್ಡೆಯೆಂದು ಹೆದರಿ ಅದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿದರೆ, ಮುಂದೆ ಆ ಬದಿಯ ಸ್ತನ ಬೆಳೆಯದೆ ಹೋಗುವ ಅಪಾಯವಿದೆ.

ನಿಮ್ಮ ಪತ್ರದಲ್ಲಿ ಗಂಟಿಗಿಂತ ಹೆಚ್ಚಾಗಿ ನನ್ನ ಗಮನ ಸೆಳೆದದ್ದು ಎತ್ತರದ ಮಾತು. ಎದೆ ಮಾತ್ರ ತುಸು ಉಬ್ಬಿ, ಎತ್ತರ ಎಂದಿನಂತೆ ವರ್ಷಕ್ಕೆ 5–6 ಸೆಂಟಿಮೀಟರ್ ಹೆಚ್ಚುತ್ತಿದ್ದರೆ, ಅನೇಕ ಮಕ್ಕಳಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ. ಎರಡೂ ಒಟ್ಟಿಗೆ ನಡೆದಿದ್ದರೆ, ಮೆದುಳಿನ ಪಿಟ್ಯುಟರಿ ಗ್ರಂಥಿಯು ಅಂಡಾಶಯಗಳನ್ನು ಪ್ರಚೋದಿಸುವ ಕೆಲಸವನ್ನು ಕಾಲಕ್ಕೆ ಮುಂಚೆಯೇ ಆರಂಭಿಸಿರಬಹುದು. ಆಗ ಹಾರ್ಮೋನಿನ ಪ್ರಭಾವದಿಂದ ಮೂಳೆಗಳೂ ಬೇಗ ಬಲಿತು ಅವುಗಳ ಬೆಳವಣಿಗೆ ಬೇಗನೆ ನಿಲ್ಲುವುದರಿಂದ, ಇಂದು ಓರಗೆಯವರಿಗಿಂತ ಎತ್ತರವಾಗಿ ಕಾಣುವ ಮಗು ದೊಡ್ಡವಳಾದ ಮೇಲೆ ಗಿಡ್ಡವಾಗಿ ಉಳಿಯುವ ಸಾಧ್ಯತೆಯಿದೆ. ಹೆಣ್ಣುಮಕ್ಕಳಲ್ಲಿ 8 ವರ್ಷ ತುಂಬುವ ಮೊದಲು ಈ ಲಕ್ಷಣಗಳು ಕಂಡರೆ ವೈದ್ಯರಿಗೆ ತೋರಿಸಲೇಬೇಕು ಎನ್ನುವುದು ಇದೇ ಕಾರಣಕ್ಕೆ.

ಮಕ್ಕಳ ಹಾರ್ಮೋನು ತಜ್ಞರನ್ನು ಕಾಣಿರಿ. ಹೋಗುವಾಗ ಮಗಳ ಹಳೆಯ ಎತ್ತರ-ತೂಕದ ದಾಖಲೆಗಳನ್ನು ಒಯ್ಯಿರಿ; ಬಾಗಿಲ ಚೌಕಟ್ಟಿನ ಮೇಲೆ ದಿನಾಂಕದೊಡನೆ ಹಾಕಿದ ಪೆನ್ಸಿಲ್ ಗುರುತುಗಳಿದ್ದರೆ ಅವೂ ಉಪಯೋಗಕ್ಕೆ ಬರುತ್ತವೆ. ಎಡಗೈಯ ಎಕ್ಸ್‌ರೇಯಿಂದ ಮೂಳೆಯ ವಯಸ್ಸನ್ನು ಅಂದಾಜು ಮಾಡಿ, ಅಗತ್ಯವಿದ್ದರೆ ರಕ್ತಪರೀಕ್ಷೆ ಮತ್ತು ಹೊಟ್ಟೆಯ ಸ್ಕ್ಯಾನ್ ಮಾಡಿಸುತ್ತಾರೆ. ಮನೆಯಲ್ಲಿ ಯಾರಾದರೂ ಹಾರ್ಮೋನು ಇರುವ ಜೆಲ್ ಅಥವಾ ಕ್ರೀಮ್ ಹಚ್ಚುತ್ತಿದ್ದರೆ ಅದನ್ನೂ ತಿಳಿಸಿ, ಏಕೆಂದರೆ ಅದು ಮೈ ತಾಗಿ ಮಗುವಿಗೂ ಸೇರಬಲ್ಲದು. ಹೆಣ್ಣುಮಕ್ಕಳಲ್ಲಿ ಹೆಚ್ಚಿನ ಸಲ ಬೇರೆ ಯಾವ ಕಾಯಿಲೆಯೂ ಸಿಗುವುದಿಲ್ಲ.

ಸಾಮಾನ್ಯವಾಗಿ ಎದೆಯ ಬೆಳವಣಿಗೆ ಆರಂಭವಾದ ಎರಡು ವರ್ಷಗಳ ನಂತರವೇ ಮುಟ್ಟು ಬರುವುದರಿಂದ, ನಾಳೆಯೇ ಏನೋ ಆಗಿಬಿಡುತ್ತದೆ ಎಂಬ ಗಾಬರಿ ಬೇಡ. ಎಲ್ಲರಿಗೂ ಚಿಕಿತ್ಸೆ ಬೇಕಾಗುವುದಿಲ್ಲ. ಬೆಳವಣಿಗೆಯ ವೇಗ ಹೆಚ್ಚಾಗಿದ್ದರೆ ತಿಂಗಳಿಗೊಮ್ಮೆ ಅಥವಾ 3 ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು ಅದನ್ನು ತಡೆಹಿಡಿಯುತ್ತದೆ. ನಿಲ್ಲಿಸಿದ ಮೇಲೆ ಪ್ರೌಢಾವಸ್ಥೆ ತಾನಾಗಿ ಮುಂದುವರಿಯುತ್ತದೆ.

ಮಗಳೆದುರು ಪಿಸುಗುಟ್ಟಿ ಚರ್ಚಿಸುವುದಕ್ಕಿಂತ, “ನಿನ್ನ ಮೈ ಸ್ವಲ್ಪ ಬೇಗ ಬೆಳೆಯುತ್ತಿದೆ, ಡಾಕ್ಟರು ನೋಡುತ್ತಾರೆ” ಎಂದು ನೇರವಾಗಿ ಹೇಳಿ. ಎತ್ತರ ನೋಡಿ ಜನ ಅವಳಿಂದ ಹತ್ತು ವರ್ಷದವಳ ನಡವಳಿಕೆಯನ್ನು ನಿರೀಕ್ಷಿಸಿಯಾರು. ಮನೆಯವರಾದರೂ ಹಾಗೆ ಮಾಡದಿರಲಿ.

ಪ್ರಶ್ನೆ: ನನ್ನ ಮಗನಿಗೆ 8 ವರ್ಷ. ಗುಪ್ತಾಂಗದ ಬಳಿ ಕೂದಲು ಬಂದಿದೆ, ಧ್ವನಿಯೂ ಒಡೆದಿದೆ. ಕಾದು ನೋಡಬಹುದೇ?

ಉತ್ತರ: ಬೇಡ. ಗಂಡುಮಕ್ಕಳಲ್ಲಿ 9 ತುಂಬುವ ಮೊದಲು ಇವೆರಡೂ ಕಂಡರೆ, ಅದರ ಹಿಂದೆ ಒಂದು ಕಾಯಿಲೆ ಇರುವ ಸಂಭವ ಹೆಣ್ಣುಮಕ್ಕಳಿಗಿಂತ ಹೆಚ್ಚು. ಮೂಲ ಮೆದುಳಿನಲ್ಲಿದೆಯೋ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿದೆಯೋ, ವೃಷಣದಲ್ಲಿದೆಯೋ ಎಂಬುದನ್ನು ತಜ್ಞರೇ ಪರೀಕ್ಷಿಸಿ ಹೇಳಬೇಕು. ತಲೆನೋವು, ವಾಂತಿ ಅಥವಾ ದೃಷ್ಟಿ ಮಂಜಾಗುವುದು ಇದ್ದರೆ ಇಂದೇ ಕರೆದುಕೊಂಡು ಹೋಗಿ; ಇಲ್ಲದಿದ್ದರೂ ಈ ವಾರ ದಾಟಿಸಬೇಡಿ.